ಹಲ್ಲಿನ ಡಾಕ್ಟರ ಗಾಲಿಮನಿಗೆ ನಾ ಕಲ್ಲ ಕೊಟ್ಟದ್ದು

ಇದೆಲ್ಲಾ ಖರೇನ ನಡದದ್ದು. ಒಂದು ಮಾತು ಕೂಡಿಸಿಲ್ಲ, ಒಂದು ಮಾತು ಬಿಟ್ಟಿಲ್ಲ. ಎರಡೂ ಮೀಸಿ ಮ್ಯಾಲ ಕೈ ಇಟ್ಟು ಹೇಳತೇನಿ. ನಮ್ಮವ್ವನ ಆಣಿ ಹಾಕು ಅಂದ್ರ ಹಾಕತೇನಿ, ತಿನ್ನೋ ರೊಟ್ಟಿ ಮುಟ್ಟು ಅಂದ್ರ ಮುಟ್ಟತೇನಿ. ದೇವರ ಭಂಡಾರ ಮುಟ್ಟಿ ಹೇಳು ಅಂದ್ರ ಮಾತ್ರ ಒಲ್ಲೆ. ಯಾಕ ಒಲ್ಲೆ ಅನ್ನೋದು ಕಡೀಕ ನಿಮಗ ತಿಳೀತೈತಿ.

ಊರಾಗ ಇಷ್ಟ ಮಂದಿ ಅದಾರ, ಇಂಥಾವು ಮತ್ತ ಯಾರಿಗೂ ಆಗಂಗಿಲ್ಲ. ನನ್ನ ವಿಳಾಸ ಕೇಳಿಕೊಂತ ಬಂದು ನನಗ ಆಗತಾವ.

ಜಮಖಂಡಿ-ಮುಧೋಳ ರೋಡಿಗೆ ಹಚ್ಚಿ ನಂದೊಂದು ಖಾಲಿ ಜಾಗಾ ಐತಿ. ಕಬ್ಬಿನ ಸೀಜನ್ ಮುಗದ ಮ್ಯಾಲ ಟ್ರ್ಯಾಕ್ಟರ್‌ದಾವ್ರು ತಮ್ಮ ಟ್ರೇಲರ್ ತಂದು ಅಲ್ಲಿ ಬಿಡತಾರ. ಕಾರ್ಖಾನಿ ಮತ್ತ ಚಾಲೂ ಆಗೂ ಮಟಾ ಅವು ಅಲ್ಲೇ. ಸುಮ್ನ ಬಿಟ್ರ ಟಾಯರ್ ಕುಂತು ಸೀಳತಾವ, ಗಾಲಿ ಮಣ್ಣಾಗ ಇಳೀತಾವ. ಅದಕ್ಕ ಜಾಕ್ ಹಚ್ಚಿ ಎತ್ತಿ, ಅಚ್ಚಿನ ಬುಡಕ ಕಲ್ಲು ಇಟ್ಟು, ಗಾಲಿ ನೆಲಾ ಬಿಡಿಸಿ ನಿಂದ್ರಸಬೇಕು. ಇದಕ್ಕ ನಾವು ಕಲ್ಲ ಕೊಡೋದು ಅಂತೇವಿ. ಮುಧೋಳದಾಗ ಕೇಳ್ರಿ, ಬೀಳಗ್ಯಾಗ ಕೇಳ್ರಿ, ಬನಹಟ್ಟ್ಯಾಗ ಕೇಳ್ರಿ, ಕಲ್ಲ ಕೊಡೋದ್ರಾಗ ನನ್ನಂಥಾಂವ ಹುಟ್ಟಿಲ್ಲ. ನಾ ಕಲ್ಲ ಕೊಟ್ಟ ಟ್ರೇಲರ್ ಮ್ಯಾಲ ಕೋಳಿ ತತ್ತಿ ಇಟ್ರ, ತತ್ತಿ ಉರುಳಂಗಿಲ್ಲ.

ನನ್ನ ಜಾಗಾಕ್ಕ ಇರೋದು ಒಂದ ಖೋಡಿ. ಎರಿ ಮಣ್ಣು. ಮಳಿ ಬಂದ್ರ ಉಬ್ಬತೈತಿ, ಬಿಸಲು ಬಿದ್ರ ಬಿರಕ ಬಿಡತೈತಿ. ರೋಡಿನ ಆಕಡಿ ಒಬ್ಬಾಂವ ಅದಾನ, ನನ್ನ ನೋಡೇ ಈ ಧಂದೆ ಕಲತಾಂವ. ಅಂವ ತನ್ನ ಜಾಗಾಕ್ಕ ಗರಸು, ಕಲ್ಲು ಬೆರತ ಮಣ್ಣು, ಹೊಡಿಸಿ ಗಟ್ಟಿ ಮಾಡಿಕೊಂಡ. ಟ್ರೇಲರ್ ಎಲ್ಲಾ ಅವನ ಕಡೆ ಹೊಳ್ಳಿದ್ವು. ನನ್ನ ಕಡೆ ಉಳದಾವು ಮೂರು, ಅವು ಮೂರೂ ಮುರಕಾ. ನಾನೂ ಒಮ್ಮೆ ಗರಸು ಹೊಡಸ್ಬೇಕು, ಅವನ ಮುಖಾ ಸಣ್ಣದ ಮಾಡಬೇಕು. ಹೊಟ್ಟ್ಯಾಗ ಇದ್ದದ್ದು ಅದೊಂದ.

ಗಾಲಿ ಮ್ಯಾಲಿನ ಮನಿ

ಒಂದಿನ ಮುಂಜಾನೆ ಜಮಖಂಡಿ ಹಲ್ಲಿನ ಡಾಕ್ಟರು ಬಂದ್ರು. ಕಾರಿನ ಹಿಂದ ಒಂದು ಬಿಳೀ ಪೆಟಿಗಿ ಜಗ್ಗಿಕೊಂಡು ಬಂದಾರ. ಅದಕ್ಕ ಬಾಗಲಾ ಐತಿ, ಕಿಡಕಿ ಅದಾವ, ಕಿಡಕಿಗೆ ಹೂವಿನ ಪಡದೇನೂ ಐತಿ.

"ಏನ್ರೀ ಸಾಹೇಬ್ರ ಇದು, ಐಸ್ಕ್ರೀಮಿನ ಗಾಡಿ ಏನು?"

"ಏ ಅಜ್ಜಾ, ಇದು ಗಾಲಿ ಮ್ಯಾಲಿನ ಮನಿ. ಎಲ್ಲಿ ಬೇಕಾದಲ್ಲಿ ಒಯ್ಯೋದು, ಅಲ್ಲೇ ಅಡಗಿ, ಅಲ್ಲೇ ನಿದ್ದಿ."

"ಅದಕ್ಕ ಇಷ್ಟ ರೊಕ್ಕಾ ಯಾಕ ಹಾಕಿದ್ರಿ? ನಮ್ಮ ಮಂದಿ ಕುರಿ ಹಿಂದ ಅದನ್ನ ಮಾಡಕೋಂತ ಬಂದಾರ. ಒಂದ ಕಂಬಳ್ಯಾಗ ಮುಗಸ್ತಾರ."

ಡಾಕ್ಟರು ನಗಲಿಲ್ಲ. ನಗೂ ಹಂಗ ಇರಲಿಲ್ಲ ಅವರ ಪಾಡು. ಮೊದಲ್ನೇ ಸಲ ಗಂಡಾ-ಹೆಂಡ್ತಿ ಇದನ್ನ ತಗೊಂಡು ಗಲಗಲಿಗೆ ಹೋಗ್ಯಾರ, ಹೊಳಿ ದಂಡಿಗೆ ನಿಂದ್ರಿಸ್ಯಾರ. ಬೆಳಗಾಗಿ ಡಾಕ್ಟರ ಹೆಂಡ್ತಿ ಬಾಯಿಯವರು ಹೊಸಾ ಸೀರಿ ಉಟ್ಟು, ಟೇಬಲ್ ಮುಂದ ಕುಂತು, ಕಪ್ಪಿನ್ಯಾಗ ಚಾ ಹಾಕ್ಕೊಂಡಾರ. ಅಷ್ಟರಾಗ ನೀರಿಗೆ ಹೊಂಟ ಎಮ್ಮಿ ಹಿಂಡು ಬಂದೈತಿ. ಎಮ್ಮಿ ಬೆನ್ನಿಗೆ ತುರಿಕಿ. ಇಂಥಾ ನುಣ್ಣನ ಗೋಡಿ ಅವಕ್ಕ ಹುಟ್ಟಿದಾಗಿಂದ ಸಿಕ್ಕಿಲ್ಲ. ಒಂದಾದ ಮ್ಯಾಲ ಒಂದು ಬಂದು ತಿಕ್ಕಾಕ ಹತ್ಯಾವ. ಮನಿ ತೊಟ್ಟಲ ತೂಗಿದಂಗ ತೂಗೇತಿ, ಚಾ ಎಲ್ಲಾ ಸೀರಿ ಮ್ಯಾಲ. ಬಾಯಿಯವರು ಭೂಕಂಪ ಅಂತ ಚೀರಿ ಹೊರಗ ಜಿಗದ್ರ, ಮುಂದ ಹೊಳ್ಯಾಗ ಅರ್ಧ ಊರ ಗಂಡಸರು ಜಳಕಾ ಮಾಡಾಕತ್ತಾರ.

"ಅಳ್ಳಾಡೋ ಮನ್ಯಾಗ ನಾ ಕಾಲ ಇಡಂಗಿಲ್ಲ ಅಂದಾಳ," ಅಂದ್ರು ಡಾಕ್ಟರು. "ಅಕೀ ಸಿಟ್ಟು ಇಳಿಯೂ ಮಟಾ ಇದು ನಿನ್ನ ಜಾಗಾದಾಗ ಇರಲಿ. ಆದ್ರ ಸೆಟದು ನಿಂದ್ರಬೇಕು ನೋಡು. ಜರಾ ಸೊಟ್ಟಾದ್ರ ಬಾಗಲಾ ಹತ್ತಂಗಿಲ್ಲ, ಗೋಡಿ ಬಾಯಿ ಬಿಡತೈತಿ."

ನನಗ ಮಾತು ತಡೀಲಿಲ್ಲ. ಎದುರಿನಾಂವ ಬ್ಯಾರೆ ಚಾದ ಅಂಗಡ್ಯಾಗ ಕುಂತು ಕಿವಿ ಇಕಡಿ ಹಚ್ಚಿದ್ದ. ಅಂವಗೂ ಕೇಳ್ಲಿ ಅಂತ ಒದರಿ ಹೇಳಿದ್ನಿ: "ಸಾಹೇಬ್ರ, ನನಗ ತಿಂಗಳ ತಿಂಗಳ ಬಾಡಿಗಿ ಬ್ಯಾಡ. ಒಯ್ಯೂ ದಿನಾ ಒಳಗ ಟೇಬಲ್ ಮ್ಯಾಲ ಒಂದು ಕಪ್ಪು ಚಾ ಇಡೂಣು, ಅಂಚಿನ ಮಟಾ ತುಂಬಿ. ಒಂದು ಹನಿ ಬಶ್ಯಾಗ ಬಿದ್ರ ಒಂದು ಪೈ ಕೊಡಬ್ಯಾಡ್ರಿ, ಏನು ಕೆಟ್ಟೈತೆಲ್ಲಾ ಅದನ್ನೂ ನಾ ತುಂಬತೇನಿ. ಬೀಳಲಿಲ್ಲಂದ್ರ ಅಷ್ಟೂ ತಿಂಗಳಿಂದು ಒಮ್ಮೆಲೇ ಎಣಸ್ರಿ. ಗರಸು ಹೊಡಸ್ತೇನಿ."

ನಮ್ಮ ಮುದುಕಿ ಬಾಗಲದಾಗ ನಿಂತು ಕೇಳಾಕತ್ತಿದ್ಲು. ಡಾಕ್ಟರು ಹೋದಿಂದ ಒಂದ ಮಾತು ಅಂದ್ಲು:

"ಬಾಡಿಗಿ ತಿಂಗಳಾ ತಗೊಂಡಿದ್ರ ನಿನ್ನ ಮೀಸಿ ಉದುರತಿದ್ವೇನು?"

ಕೋಳಿ ಕಾಲು

ಆ ಮನಿ ನಾಕೂ ಮೂಲಿಗೆ ನಾಕು ಸಣ್ಣ ಕಾಲು ಅದಾವ. ತಿರುವಿದ್ರ ಕೆಳಗ ಇಳೀತಾವ. ಡಾಕ್ಟರು ಹೋಗೂ ಮುಂದ ಹೇಳಿದ್ರು, "ಅಜ್ಜಾ, ಆ ಕಾಲು ಅಳ್ಳಾಡದಂಗ ಹಿಡ್ಯಾಕ ಅಷ್ಟ. ಭಾರ ಅದರ ಮ್ಯಾಲ ಹಾಕಬ್ಯಾಡ. ಭಾರ ಅಚ್ಚಿನ ಮ್ಯಾಲ ಇರಲಿ."

"ಹಲ್ಲಿನ ಮಾತಿದ್ರ ನೀವು ಹೇಳ್ರಿ, ನಾ ಬಾಯಿ ತಗೀತೇನಿ. ಕಲ್ಲಿನ ಮಾತು ನನಗ ಬಿಡ್ರಿ," ಅಂದ್ನಿ. "ಕಾಲು ಇರೋದು ನಿಂದ್ರಾಕ. ನಿಂದ್ರಲಾರದ ಕಾಲು ಯಾಕ ಬೇಕು?"

ನಾಕೂ ಕಾಲಿನ ಬುಡಕ ಚಲೋ ಫರಸಿ ಇಟ್ನಿ. ಗಾಲಿ ಬಿಚ್ಚಿ ಗ್ವಾಡಿಗೆ ಆನಿಸಿದ್ನಿ. ಪೂರಾ ಮನಿ ಆ ನಾಕು ಕಾಲಿನ ಮ್ಯಾಲ ನಿಂತ್ತು. ಏನ ಚಂದ ಕಾಣತಿತ್ತು! ಎದುರಿನಾಂವ ಸೈತ ಬಂದು ನೋಡಿ ಹೋದ.

ಮರುದಿನಾ ನಮ್ಮ ಮುದುಕಿ ಅದರ ನೆಳ್ಳಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಕುಂತಾಳ. "ಕಟ್" ಅಂದೈತಿ. ಹೊಳ್ಳಿ ನೋಡ್ತಾಳ, ಹಿಂದಿನ ಒಂದು ಕಾಲು ಮೊಣಕಾಲು ಊರಿ ನಮಸ್ಕಾರ ಮಾಡಿದಂಗ ಮಡಚೈತಿ. ಮೆಣಸಿನಕಾಯಿ ಬುಟ್ಟಿ ಅಲ್ಲೇ ಒಗದು ಓಡಿ ಬಂದ್ಲು.

"ಬಿತ್ತೇನು?" ಅಂದ್ನಿ.

"ಇಲ್ಲ, ನಿನ್ನ ಸಲುವಾಗಿ ಕಾಯಾಕತ್ತೈತಿ. ಲಗೂ ಹೋಗಿ ಬುಡಕ ನಿಂದ್ರು."

ಡಾಕ್ಟರು ಬಂದು ನೋಡಿದ್ರು. ನಾ ಒಂದ ಹೆಜ್ಜಿ ಹಿಂದ ಸರೀಲಿಲ್ಲ. "ನಿಮ್ಮ ಕಂಪನಿಯಾಂವ ಕಾಲಿಗೆ ಕಬ್ಬಿಣ ಕಡಿಮಿ ಹಾಕ್ಯಾನ್ರಿ ಸಾಹೇಬ್ರ. ಮೋಸಾ ಹೋಗೀರಿ ನೀವು. ಆಗಿದ್ದಾತು, ಹುಳುಕಹಲ್ಲು ಕಿತ್ತು ಬ್ಯಾರೆ ಹಾಕಿದಂಗ ಇದನ್ನ ಕಿತ್ತು ಬ್ಯಾರೆ ಹಾಕ್ರಿ."

ಹಾಕಿದ್ರು. ಬರೊಬ್ಬರಿ ಹಲ್ಲಿನಂಗ ಮಾಡಿದ್ರು. ನೋವು ನನಗ, ಬಿಲ್ಲೂ ನನಗ.

ಮಗ್ಗದ ಕಟ್ಟಿಗಿ

ಆಮ್ಯಾಲ ಅಚ್ಚಿನ ಬುಡಕನ ಕಲ್ಲು ಕೊಟ್ನಿ. ಡಾಕ್ಟರು ಹೇಳ್ಯಾರಂತ ಅಲ್ಲ, ನನಗೂ ಹಂಗ ಅನಿಸಿತ್ತು. ಹಳೇ ಬಾವಿ ಕಟ್ಟಿಯಿಂದ ಬಿದ್ದ ಕರೀ ಕಲ್ಲು ನಾಕು ತಂದ್ನಿ, ತಲಿ ಸಪಾಟ, ಒಂದೊಂದು ಕುರಿ ಮರಿಯಷ್ಟು ದಪ್ಪ.

ಮಳಿ ಚಾಲೂ ಆತು. ಎರಿ ಮಣ್ಣು ಕುಡದು ಉಬ್ಬಿತು. ಒಂದು ಕಲ್ಲು ಮ್ಯಾಲ ಬಂತು, ಇನ್ನೊಂದು ಕೆಳಗ ಹೋತು. ನಾ ದಿನಾ ಮುಂಜಾನೆ ನಮ್ಮ ಮುದುಕಿ ಕೊಟ್ಟ ಚಾ ತಗೊಂಡು ಆ ಮನಿಯೊಳಗ ಹೋಗಿ ಟೇಬಲ್ ಮ್ಯಾಲ ಇಟ್ಟು ನೋಡಾಂವ. ಚಾ ಒಂದು ಕಡೆ ವಾಲಿದ್ರ ಆ ಕಡೆ ಜಾಕ್ ಹಚ್ಚಾಂವ.

"ನಾ ಕೊಟ್ಟ ಚಾ ಜಲ್ಮದಾಗ ಒಮ್ಮೆ ಹಿಂಗ ಕಣ್ಣಿಟ್ಟು ನೋಡಿದ್ದಿಲ್ಲ ನೀ," ಅಂದ್ಲು ಮುದುಕಿ. "ಈಗ ತಿಳೀತು, ಸೊಟ್ಟ ಇದ್ರ ನೋಡ್ತಿ."

ಕಲ್ಲಿನ ಬುಡಕ ಅಗಲಾನ ಕಟ್ಟಿಗಿ ಹಾಸಿದ್ರ ಮಣ್ಣಾಗ ಇಳಿಯಂಗಿಲ್ಲ. ಆದ್ರ ನೀರಿಗೆ ಕೊಳೀಲಾರದ ಕಟ್ಟಿಗಿ ಬೇಕು. ಬನಹಟ್ಟ್ಯಾಗ ನನ್ನ ಪರಿಚಯದ ನೇಕಾರ ಅಣ್ಣಾ ಒಬ್ಬರಿದ್ರು. ಅವರ ಮನ್ಯಾಗ ಕೈಮಗ್ಗ ಬಿಚ್ಚಿ ಅಟ್ಟಕ್ಕ ಹಾಕಿದ್ರು, ಈಗೆಲ್ಲಾ ಕರೆಂಟಿನ ಮಗ್ಗ. ಹೋಗಿ ಕೇಳಿದ್ನಿ.

"ನಮ್ಮಜ್ಜನ ಮಗ್ಗರೀ ಅದು," ಅಂದ್ರು. "ಒಲಿಗೆ ಹಾಕಂಗಿದ್ರ ಕೊಡಂಗಿಲ್ಲ."

"ಒಲಿಗಲ್ಲಣ್ಣಾ, ಒಂದು ಮನಿಗೆ ಆಧಾರ ಕೊಡಾಕ."

"ಮನಿಗಿ ಅಂದ್ರ ಒಯ್ಯಿರಿ," ಅಂದ್ರು. ರೊಕ್ಕಾನೂ ತಗೊಳ್ಳಲಿಲ್ಲ, ಭಾಳ ದೊಡ್ಡ ಮಂದಿ.

ಒಂದು ತಿಂಗಳಿಗೆ ಅವರು ಮುಧೋಳಕ್ಕ ಹೊಂಟಾವ್ರು ನಡಬರಕ ಬಸ್ ಇಳದು ಬಂದ್ರು, ಅಜ್ಜನ ಕಟ್ಟಿಗಿ ಯಾರ ಮನಿ ಹೊತ್ತೈತಿ ನೋಡೂಣಂತ. ಕೆಳಗ ಬಗ್ಗಿ ನೋಡಿದ್ರು, ಕಟ್ಟಿಗಿ ಮ್ಯಾಲ ಕೈ ಆಡಿಸಿದ್ರು. ಕಿಡಕ್ಯಾಗ ಹಣಿಕಿ ಹಾಕಿದ್ರು.

"ಯಾರ ಇರತಾರ ಇದರಾಗ?"

"ಯಾರೂ ಇಲ್ಲರೀ."

ಕಟ್ಟಿಗಿ ಮ್ಯಾಲ ಇನ್ನೊಮ್ಮೆ ಕೈ ಇಟ್ರು. "ನಮ್ಮಜ್ಜ ಈ ಮಗ್ಗದಾಗ ಕುಂತು ಮನಿ ತುಂಬ ಮಂದೀನ ಸಾಕಿದ. ಉಣ್ಣಾಕ ಸಾಲದು, ಮಲಗಾಕ ಜಾಗಾ ಇರತಿರಲಿಲ್ಲ. ಈಗ ನೋಡ್ರಿ, ಗಾದಿ ಐತಿ, ಪಂಖಾ ಐತಿ, ಮಂದಿನ ಇಲ್ಲ. ಅಜ್ಜಗ ಕಡೀಕರೆ ಜರಾ ಹಗರ ಆತು ಬಿಡ್ರಿ."

ಚಾ ತರಿಸಿದ್ನಿ. ಒಳಗ ಟೇಬಲ್ ಮ್ಯಾಲ ಇಟ್ಟು, ಹನಿ ಚೆಲ್ಲಂಗಿಲ್ಲ ನೋಡ್ರಿ ಅಂತ ತೋರಿಸಿದ್ನಿ. ಅವರು ಗಟಗಟ ಕುಡದು ಕಪ್ಪು ಡಬ್ಬ ಹಾಕಿ ಹೇಳಿದ್ರು:

"ನಿಮ್ಮ ಕಸಬು ಛಲೋ ಐತ್ರಿ. ನಮ್ಮ ಚಾ ಮಾತ್ರ ಹೊಟ್ಟಿಗೆ ಹೋಗತಿತ್ತು."

ಗೋವಾಕ್ಕ ಹೋಗಿ ಬಂದದ್ದು

ರವಿವಾರ ಬಂತಂದ್ರ ಡಾಕ್ಟರು ಬರಾಕ ಹತ್ತಿದ್ರು. ಕಾರು ರೋಡಿಗೆ ಹಚ್ಚಿ, ಬುತ್ತಿ ಹಿಡಕೊಂಡು ಆ ಮನಿಯೊಳಗ ಹೋಗಿ ಬಾಗಲಾ ಹಾಕ್ಕೊಳ್ಳೋರು. ಸಂಜಿ ಮುಂದ ಹೊರಗ ಬರೋರು. ಗಾಲಿ ಗ್ವಾಡಿಗೆ ಆನಿಸಿ ಇಟ್ಟೇನಿ, ಮನಿ ಕಲ್ಲಿನ ಮ್ಯಾಲ ಐತಿ, ಇವರು ಒಳಗ ಕುಂತಾರ.

"ಏನ ಮಾಡತೀರಿ ಸಾಹೇಬ್ರ ದಿನಾಲ್ಲಾ ಒಳಗ?"

"ಇವತ್ತ ಗೋವಾಕ್ಕ ಹೋಗಿದ್ನಿ ಅಜ್ಜಾ," ಅಂತಾರ, ಮಾರಿ ಒಂದೀಟು ನಗಲಾರದ.

ಮುಂದಿನ ವಾರ ಕೇಳಿದ್ರ ಊಟಿ. ಅದರ ಮುಂದಿನ ವಾರ ಕಾಶ್ಮೀರ. ನಮ್ಮ ಮುದುಕಿ ನಂಬಿ, "ಅಲ್ಲಿ ಥಂಡಿ ಭಾಳ ಇದ್ದೀತಲ್ರೀ" ಅಂತ ಕೇಳಿದ್ಲು. "ಹೂನ್ರೀ ಅಮ್ಮಾ, ನಾ ಕಂಬಳಿ ಹೊದ್ದಿದ್ನಿ" ಅಂದ್ರು. ಖರೇನ ಹೊದ್ದಿದ್ರು, ಕಿಡಕ್ಯಾಗ ಕಂಡಿತ್ತು. ಬಿಸಲು ನೆತ್ತಿ ಸುಡಾಕತ್ತಿತ್ತು.

ಒಂದು ರವಿವಾರ ತೇರದಾಳದಾಂವ ಒಬ್ಬ ಗಲ್ಲ ಹಿಡಕೊಂಡು ಹುಡುಕಿಕೊಂತ ಬಂದ. ಗಲ್ಲ ಕುಂಬಳಕಾಯಿ ಆಗೇತಿ. "ಡಾಕ್ಟರ ಮನ್ಯಾಗ ಇಲ್ಲ, ಅವರ ಬಾಯಿ ಇಲ್ಲಿ ಹೋಗು ಅಂದ್ರು. ಎಲ್ಲದಾರ?"

"ಕೇರಳಾದಾಗ," ಅಂದ್ನಿ. "ಬಾಗಲಾ ಬಡಿ, ಬರತಾರ."

ಡಾಕ್ಟರು ಒಲ್ಲೆ ಒಲ್ಲೆ ಅಂದ್ರೂ ಆ ಮನಶ್ಯಾ ಬಿಡಲಿಲ್ಲ. ಕಾರಿನ್ಯಾಗ ಸಾಮಾನು ಇದ್ವು, ಸೂಜಿ ಮಾಡಿ ಅಲ್ಲೇ ಟೇಬಲ್ ಮುಂದ ಕುಂದ್ರಿಸಿ ಕೀಳಾಕ ಹತ್ತಿದ್ರು. ಆಳು ಪೈಲವಾನನಂಗ ಇದ್ದ. ಸೂಜಿ ಹತ್ತೂ ಮೊದಲ ಬಾಯಾಗ ಕೈ ಹಾಕಿದ್ರೇನೋ, ಒದಿಯಾಕ ಹತ್ತಿದ ನೋಡ್ರಿ! ಗೋಡಿ ಒದ್ದ, ನೆಲಾ ಒದ್ದ, ಡಾಕ್ಟರನ್ನೂ ಒಮ್ಮೆ ಒದ್ದ. ನಾ ಹೊರಗ ಮಕಾಡೆ ಮಲಗಿ ನನ್ನ ಕಲ್ಲ ನೋಡಾಕತ್ತಿದ್ನಿ. ಚಾ ಕಪ್ಪಿನ್ಯಾಗ ಅರ್ಧಾ ಚಾ ಇತ್ತು. ಎಲ್ಲಾ ಮುಗದ ಮ್ಯಾಲ ಒಳಗ ಹೋಗಿ ನೋಡಿದ್ನಿ, ಹೆಂಗ ಇತ್ತೋ ಹಂಗ.

ರೋಡಿನ ಮ್ಯಾಲ ನಿಂತು ಎದುರಿನಾಂವಗ ಒದರಿದ್ನಿ: "ನೋಡಲೇ! ಹಲ್ಲು ಅಳ್ಳಾಡಿತು, ಡಾಕ್ಟರ ಅಳ್ಳಾಡಿದ, ಗಾಡಿ ಅಳ್ಳಾಡಲಿಲ್ಲ!"

ಕಲ್ಲ ಕದಿಯಾವ್ರು

ಕಬ್ಬಿನ ಸೀಜನ್ ಚಾಲೂ ಆತು. ಕಬ್ಬು ತುಂಬಿದ ಗಾಡಿ ಏರಿನ್ಯಾಗ ನಿಂತ್ರ ಗಾಲಿಗೆ ಅಡ್ಡ ಕೊಡಾಕ ಕಲ್ಲು ಬೇಕು. ಡ್ರೈವರ್ ಮಂದಿ ಯಾರ ಜಾಗಾದಾಗ ಕಲ್ಲು ಕಂಡ್ರೂ ಎತ್ತಿಕೊಂಡು ಹೋಗತಾರ. ಮೊದಲ ನನ್ನ ಮುರಕಾ ಟ್ರೇಲರ್‌ ಕಲ್ಲು ಹೋದ್ವು. ಮೂರೂ ನೆಲಕ್ಕ ಕುಂತ್ವು. ಒಂದಿನ ಊಟಾ ಮಾಡಿ ಬಂದು ನೋಡತೇನಿ, ಒಬ್ಬ ಡ್ರೈವರ್ ಡಾಕ್ಟರ ಮನಿ ಬುಡಕ ಮಲಗಿ ಕರೀ ಕಲ್ಲಿಗೆ ಕಬ್ಬಿಣದ ಸಬಳ ಹಾಕಿ ಮೀಟಾಕತ್ಯಾನ. ಅದು ಬಂದಿದ್ರ ಮನಿ ಅವನ ಎದಿ ಮ್ಯಾಲ.

"ಲೇ, ಸಾಯಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?"

"ಒಂದ ಕಲ್ಲು ಕಾಕಾ, ಹೊಳ್ಳಿ ಬರೂ ಮುಂದ ಒಗೀತೇನಿ."

ಅಂವನ್ನ ಓಡಿಸಿದ್ನಿ. ಆದ್ರ ದಿನಾ ಕಾಯಾಂವ ಯಾರು? ಬೇಲಿ ಹಾಕಾಕ ರೊಕ್ಕಾ ಇಲ್ಲ. ಕುಂತು ವಿಚಾರ ಮಾಡಿದ್ನಿ. ನನ್ನ ತಲಿ ಏನು ಸಾಮಾನ್ಯ ಅಲ್ಲ. ಸಂತ್ಯಾಗ ಹತ್ತು ರೂಪಾಯಿ ಕೊಟ್ಟು ಒಂದು ಪುಡಿಕಿ ಭಂಡಾರ ತಂದ್ನಿ, ಅರಿಷಿಣ ಪುಡಿ. ರೋಡಿನ ಕಡೆ ಇದ್ದ ಕರೀ ಕಲ್ಲಿಗೆ ಚಲೋ ಹಂಗ ಹಚ್ಚಿದ್ನಿ, ನಡುವ ಎರಡು ಬಟ್ಟ ಕುಂಕುಮ ಎಳದ್ನಿ, ಮುಂದ ಎರಡು ಊದಿನಕಡ್ಡಿ. ನಮ್ಮದು ಕುರಿ ಕಾಯೂ ಮನಿತನ, ಭಂಡಾರ ಹಚ್ಚಿದ ಕಲ್ಲಿಗೆ ನಮ್ಮ ಕಡೆ ಯಾರೂ ಕಾಲ ತಾಕಸಂಗಿಲ್ಲ. ಕದಿಯೋದು ದೂರ ಉಳೀತು.

ಮರುದಿನಾ ಅದ ಡ್ರೈವರ್ ಬಂದ. ಸಬಳ ತಂದಿದ್ದ. ಬಗ್ಗಿ ನೋಡಿದ. ಚಪ್ಪಲ ಬಿಟ್ಟ, ಕೈ ಮುಗದ, ಹಿಂದ ಹಿಂದ ಸರದು ಹೋದ. ಸಬಳ ಅಲ್ಲೇ ಮರತ. ಅದು ಇನ್ನೂ ನನ್ನ ಕಡೇನ ಐತಿ.

ಈ ಪೂರಾ ವ್ಯವಹಾರದಾಗ ನನಗ ಆದ ಲಾಭ ಅಂದ್ರ ಆ ಸಬಳ.

"ಯಾವ ದೇವರೋ ತಮ್ಮಾ ಇದು?"

ನನ್ನ ಜಾಗಾದ ಬಾಜೂಕಿನ ಹೊಲದಾಗ ಹುನ್ನೂರ ಕಡಿ ಕುರಿಗಾರರು ಹಿಂಡು ತರುಬಿದ್ರು. ಗೊಬ್ಬರಕ್ಕ ಹೊಲದಾವ್ರು ಕರಸ್ತಾರಲ್ಲಾ, ಹಂಗ. ಅವರೊಳಗ ಒಬ್ಬ ಹಿರ್ಯಾ, ಬಿಳೀ ರುಮಾಲು, ಹೆಗಲ ಮ್ಯಾಲ ಕಂಬಳಿ. ನೀರಿಗೆ ಬಂದಾಂವ ಬಗ್ಗಿ ಕಲ್ಲು ನೋಡಿದ.

"ಯಾವ ದೇವರೋ ತಮ್ಮಾ ಇದು?"

ನೋಡ್ರಿ, ಅಲ್ಲೇ ನಾ "ಕಳ್ಳರ ಕಾಟಕ್ಕ ಹಚ್ಚೇನಿ" ಅಂದಿದ್ರ ಮುಗೀತಿತ್ತು. ಆದ್ರ ಎದುರಿನಾಂವ ಬಾಜೂಕ ನಿಂತಿದ್ದ. ಅವನ ಮುಂದ ಕಳ್ಳರಿಗೆ ಅಂಜಿದೆ ಅನ್ನೋದು ಹೆಂಗ?

"ನಮ್ಮ ಬೀರಪ್ಪ," ಅಂದ್ನಿ.

"ಹೌದಾ! ಯಾವಾಗ ಬಂದ?"

"ತಾನ ಎದ್ದು ಬಂದಾನ. ಹಳೇ ಬಾವ್ಯಾಗ ಇದ್ದ, ನನ್ನ ಬೆನ್ನು ಹತ್ತಿ ಬಂದ." ಹೇಳಿದ್ರ ಅರ್ಧಾ ಹೇಳೂ ಮನಶ್ಯಾ ಅಲ್ಲ ನಾ.

ಹಿರ್ಯಾ ಕಂಬಳಿ ಹಾಸಿದ. ಕಾಯಿ ಒಡದ್ರು. ಭಂಡಾರ ಹಾರಿಸಿದ್ರು, ಡಾಕ್ಟರ ಬಿಳೀ ಮನಿ ಅರ್ಧಾ ಹಳದಿ ಆತು. ಮರುದಿನಾ ಅವರದೊಂದು ತಪ್ಪಿದ ಕುರಿ ತಾನ ಬಂತು. ಅದು ತಾನ ಬರಲಾರದ ಮತ್ತೇನು ಬಸ್ಸಿನ್ಯಾಗ ಬರತೈತೇನು? ಆದ್ರ ಸುದ್ದಿ ಹಬ್ಬಿತು. ರವಿವಾರಕ್ಕೊಮ್ಮೆ ಮಂದಿ ಬರಾಕ ಹತ್ತಿದ್ರು. ಹೆಣ್ಣಮಕ್ಕಳು ಹರಕಿ ಹೊತ್ರು. ಮಳಿಗೆ, ಬಿಸಲಿಗೆ ನೆಳ್ಳು ಹೆಂಗೂ ಇತ್ತು, ಡಾಕ್ಟರ ಮನಿ. ಮನಿ ಬುಡಕ ಬಗ್ಗಿ ಕೈ ಮುಗಿಯೋರು, ತಲಿ ಬಡಿಸಿಕೊಳ್ಳೋರು, ಅದಕ್ಕೂ ಏನೋ ಕಾರಣ ಐತಿ ಅನ್ನೋರು.

ಡಾಕ್ಟರು ರವಿವಾರ ರಾಜಸ್ಥಾನಕ್ಕ ಹೋಗಬೇಕಂತ ಬಂದ್ರ ಪಾಳೆ ಹಚ್ಚಿ ನಿಂತಾರ ಮಂದಿ.

"ಅಜ್ಜಾ, ಇದೇನು ನನ್ನ ಮನಿ ಬುಡಕ?"

"ಬಾಡಿಗಿಗೆ ಇದ್ದಾನ್ರಿ," ಅಂದ್ನಿ. "ಮ್ಯಾಲ ನೀವು, ಕೆಳಗ ಅಂವ."

ಎದುರಿನಾಂವ ಮಾತ್ರ ದಿನಾ ಬಂದು ಕಸಾ ಹೊಡಿಯಾಕ ಹತ್ತಿದ. ಕಮಿಟಿ ಮಾಡಿದ. ಅಧ್ಯಕ್ಷ ತಾನ ಆದ. "ನಿನಗ ಯಾಕೋ?" ಅಂದ್ರ, "ಕಾಕಾ, ದೇವರ ನಿನ್ನ ಜಾಗಾದಾಗ ಬಂದ್ರೂ ಊರಿಗೆಲ್ಲಾ ಬಂದಾನ" ಅಂದ. ಬುದ್ಧಿ ನಾ ಕಲಿಸಿದ್ದ ಅದು, ಕಲ್ಲ ಕೊಡೋದರ ಕೂಡ.

ಒಂದು ಕಪ್ಪು ಚಾ

ಕಡೀಕ ಬಾಯಿಯವರ ಸಿಟ್ಟು ಇಳೀತು. ಹೆಂಗ ಇಳೀತಂದ್ರ, ಹಲ್ಲ ಕಿತ್ತಿಸಿಕೊಂಡ ಪೈಲವಾನ ಜಮಖಂಡ್ಯಾಗೆಲ್ಲಾ ಸಾರಿದ್ದ, ನಾ ಒದ್ರೂ ಆ ಮನಿ ಅಳ್ಳಾಡಂಗಿಲ್ಲ ಅಂತ. ಒಂದಿನ ಗಂಡಾ-ಹೆಂಡ್ತಿ ಇಬ್ಬರೂ ಬಂದ್ರು, ಒಯ್ಯಾಕ. ರವಿವಾರಾನ ಬಂದ್ರು ಬ್ಯಾರೆ. ಕುರಿಗಾರ ಹಿರ್ಯಾ ಇದ್ದ, ಕಮಿಟಿ ಇತ್ತು, ಊರ ಅರ್ಧಾ ಅಲ್ಲೇ ಇತ್ತು.

ನಮ್ಮ ಮುದುಕಿ ಚಾ ತಂದ್ಲು. ಬಾಯಿಯವರು ತಮ್ಮ ಕೈಲೆ ಕಪ್ಪಿಗೆ ಹಾಕಿದ್ರು, ಅಂಚಿನ ಮಟಾ, ಅಂಚಿನ ಮ್ಯಾಲ ಜರಾ ಉಬ್ಬೂ ಹಂಗ. ಎಲ್ಲಾರೂ ಕಿಡಕ್ಯಾಗ ಮಾರಿ ಇಟ್ರು. ಡಾಕ್ಟರು ಬಾಗಲಾ ತಗದ್ರು, ಹಾಕಿದ್ರು, ಸರಿ ಹತ್ತಿತು. ಒಳಗ ಕುಣದ್ರು. ಬಾಯಿಯವರೂ ಒಮ್ಮೆ ಜಿಗದು ನೋಡಿದ್ರು, ಅವರು ಜರಾ ಗುಂಡಗ ಅದಾರ. ಬಶಿ ಒಣಾ. ಒಂದು ಹನಿ ಇಲ್ಲ.

ಎರಿ ಮಣ್ಣಾಗ! ಎಲ್ಲಾ ಮಳಿ, ಎಲ್ಲಾ ಬಿಸಲು ದಾಟಿಸಿ! ಮೀಸಿ ತಿರುವಿದ್ನಿ. ಎದುರಿನಾಂವನ ಮಾರಿ ನೋಡಿದ್ನಿ. ಗರಸಿನ ಲಾರಿ ಕಣ್ಣ ಮುಂದ ಬಂತು. ಡಾಕ್ಟರು ಎಲ್ಲಾರ ಮುಂದ ಬಾಡಿಗಿ ಎಣಿಸಿ ನನ್ನ ಕೈಯಾಗ ಇಟ್ರು. ಇಟ್ಕೊಂಡು ಜಾಕ್ ಹಚ್ಚಾಕ ಬಗ್ಗಿದ್ನಿ.

"ಏನ ಮಾಡಾಕತ್ತಿ ತಮ್ಮಾ?" ಅಂದ ಹಿರ್ಯಾ.

"ಗಾಡಿ ಎತ್ತತೇನಿ. ಅವರು ಒಯ್ತಾರ."

"ಒಯ್ಲಿ. ದೇವರ ಮ್ಯಾಲಿನ ಛಾವಣಿ?"

"ಇದ ಛಾವಣಿ."

"ನಿನ್ನ ಮನಿ ಛಾವಣಿ ತಗದು ನಿನ್ನ ಬಿಸಲಾಗ ಕುಂದ್ರಿಸಿದ್ರ ನಡೀತೈತೇನು?"

ಮಂದಿ ಎಲ್ಲಾ ಒಂದ ದನಿಲೇ, "ನಡಿಯಂಗಿಲ್ಲ!"

ನನಗೂ ಸಿಟ್ಟು ಬಂತು. "ಅದು ನಾ ಇಟ್ಟ ಕಲ್ಲೋ ಮಾರಾಯಾ! ಬಾವಿ ಕಟ್ಟಿದು! ಕಳ್ಳರು ಒಯ್ಯಬಾರ್ದಂತ ಭಂಡಾರ ಹಚ್ಚಿದ್ನಿ!"

ಹಿರ್ಯಾ ಸಿಟ್ಟಾಗಲಿಲ್ಲ. ತನ್ನ ಚೀಲದಾಗಿಂದ ಒಂದು ಹಿಡಿ ಭಂಡಾರ ತಗದು ನನ್ನ ಮುಂದ ಹಿಡದ. "ಹಂಗಾರ ಇದನ್ನ ಹಿಡದು ಹೇಳು ತಮ್ಮಾ. ಇದು ದೇವರಲ್ಲ ಅಂತ. ನೀ ಹೇಳಿದ್ರ ನಾವು ಹೋಗತೇವಿ."

ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ ಆ ಭಂಡಾರ ಹಣಿಗೆ ಹಚ್ಚಿಕೊಂಡು ಕುರಿ ಹಿಂದ ಹೋದಾವ್ರು. ಅಲ್ಲ ಅನ್ನಾಕ ಬಾಯಿ ಬರಲಿಲ್ಲ. ಹೌದು ಅನ್ನಾಕೂ ಬರಲಿಲ್ಲ, ಯಾಕಂದ್ರ ಆ ಕಲ್ಲು ಹೊತ್ತು ತಂದ ಬೆನ್ನು ನಂದು, ಇನ್ನೂ ನೋಯಾಕತ್ತಿತ್ತು. ಕೈ ಹಿಂದ ಕಟ್ಟಿಕೊಂಡು ನಿಂತ್ನಿ. ಆವತ್ತಿಂದ ಭಂಡಾರ ಮುಟ್ಟಿ ಯಾವ ಮಾತೂ ಹೇಳಿಲ್ಲ ನಾ.

ಹಿರ್ಯಾ ಕೇಳಿದ, "ಜಾಗಾ ಯಾರದು?"

"ನಂದು."

"ಕಲ್ಲು ಯಾರಿಟ್ಟದ್ದು?"

"ನಾ."

"ಹಂಗಾರ ಗುಡಿ ಕಟ್ಟೂ ಭಾಗ್ಯಾನೂ ನಿಂದು."

ಎದುರಿನಾಂವ ಕಮಿಟಿ ಪರವಾಗಿ ನನ್ನ ಕೈಯಾಗಿನ ಬಾಡಿಗಿ ಅಲ್ಲೇ ತಗೊಂಡ. ಇನ್ನೂ ನನ್ನ ಕಿಸೆ ಸಾಲಲಿಲ್ಲ, ಮುದುಕಿ ಗಂಟಿನ್ಯಾಗಿಂದೂ ಬಿಚ್ಚಿಸಿದ್ರು. ಫರಸಿ, ತಗಡು ಅವನ ಕಡೇನ ಇದ್ವು, ಅಂವನ ಗುಡಿಗೆ ಮಾರಿದ. ಗುಡಿ ಸುತ್ತ ಮಂದಿಗೆ ಕೆಸರಾಗಬಾರ್ದಂತ ಗರಸೂ ಹೊಡಿಸಿದ್ರು. ನನ್ನ ಜಾಗಾ, ನನ್ನ ರೊಕ್ಕಾ, ಗರಸು ಬಿತ್ತು ನೋಡ್ರಿ. ಆದ್ರ ಗುಡಿ ನಟ್ಟನಡುವ. ಒಂದು ಟ್ರೇಲರ್ ಹೊಳ್ಳಸಾಕ ಜಾಗಾ ಉಳೀಲಿಲ್ಲ. ಬಾಗಲದ ಮ್ಯಾಲ ಫರಸಿಗೆ ಅಕ್ಷರ ಕೊರಸಿದ್ರು. ಅಧ್ಯಕ್ಷರು ಎದುರಿನಾಂವ. ಇಷ್ಟ ದಿನಾ ದೇವರಿಗೆ ನೆಳ್ಳು ಕೊಟ್ಟ ದಾನಿಗಳು ಹಲ್ಲಿನ ಡಾಕ್ಟರು. ನನ್ನ ಹೆಸರಿಗೆ ಕಲ್ಲು ಸಾಲಲಿಲ್ಲಂತ. ಕಲ್ಲು, ನನಗ!

ಅದೆಲ್ಲಾ ಆಮ್ಯಾಲಿನ ಮಾತು; ಆವತ್ತ ದೇವರಿಗೆ ಕಂಬಳಿ ನೆಳ್ಳು ಮಾಡಿದ್ರು, ನಾ ಗಾಲಿ ಹಚ್ಚಿ ಕೊಟ್ನಿ, ಗಾಡಿ ಹೊಂಟ್ತು. ಬಾಯಿಯವರು ಕಾರಿನ್ಯಾಗ ಕುಂದ್ರಲಿಲ್ಲ. ಆ ಮನಿಯೊಳಗ, ಟೇಬಲ್ ಮುಂದ, ಕೈಯಾಗ ಚಾ ಹಿಡಕೊಂಡು ರಾಣಿ ಹಂಗ ಕುಂತು ಹೊಂಟ್ರು. ರೋಡಿಗೆ ಹತ್ತಿತು. ಮೊದಲನೇ ಹಂಪ್ ಬಂತು. ಒಳಗಿಂದ ಒಂದು ಚೀರಿದ ದನಿ. ಗಾಡಿ ನಿಂತ್ತು. ಬಾಯಿಯವರು ಇಳದ್ರು, ಸೀರಿ ತುಂಬ ಚಾ.

"ನಿಂತಾಗ ಅಳ್ಳಾಡಲಿಲ್ಲಲ್ಲೇ!" ಅಂದ್ರು ಡಾಕ್ಟರು.

"ನಿಂತಾಗ ಛಲೋ ಐತಿ. ನಿಂದ್ರಸ್ರಿ ಹಂಗಾರ!" ಅಂದ್ರು ಬಾಯಿಯವರು.

ನನ್ನ ಕಡೆ ಜಾಗಾ ಎಲ್ಲೈತಿ? ಎದುರಿನಾಂವನ ಜಾಗಾಕ್ಕ ಹೊಕ್ಕಿತು. ಅಂವ ತಿಂಗಳಾ ಬಾಡಿಗಿ ಮಾತಾಡಿ, ಮೊದಲನೇ ತಿಂಗಳಿಂದು ಅಲ್ಲೇ ತಗೊಂಡು, ರೋಡಿನ ಆಕಡಿಯಿಂದ ನನಗ ಒದರಿದ: "ಕಾಕಾ, ಕಲ್ಲ ಕೊಡಾಕ ಬಾ! ಜರಾ ನೋಡಿ ಇಡು, ನೀ ಇಟ್ಟ ಕಲ್ಲು ಹೊಳ್ಳಿ ಬರಂಗಿಲ್ಲ!"

ಹೋದ್ನ್ಯೋ ಇಲ್ಲೋ ಅಂತ ಕೇಳಬ್ಯಾಡ್ರಿ. ಹೋದ್ನಿ. ಅಂವಗ ಕಲ್ಲು ನೆಟ್ಟಗ ಇಡಾಕ ಬರಂಗಿಲ್ಲ, ಸೊಟ್ಟ ನಿಂತ ಗಾಡಿ ನನಗ ನೋಡಾಕ ಆಗಂಗಿಲ್ಲ. ಚಾ ಇಟ್ಟು ನೋಡಿ ಬಂದ್ನಿ, ಹನಿ ಚೆಲ್ಲಲಿಲ್ಲ.

ಒಟ್ಟು ನಾ ಕಳಕೊಂಡದ್ದು ಮೂವತ್ತೊಂದು ಸಾವಿರದ ಆರನೂರಾ ಹತ್ತು ರೂಪಾಯಿ. ಮ್ಯಾಲಿನ ಹತ್ತು ರೂಪಾಯಿ ಭಂಡಾರದ ಪುಡಿಕಿದು.